ಫಳಫಳ ಹೊಳೆಯುವ ರಾಜ

ಇಷ್ಟು ಹೊಳೆಯಬಾರದಿತ್ತು, ಕಿಟಕಿಯ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿದೆ, ಬೇರೆ ನಾಣ್ಯವಿರಬೇಕು, ಅಲ್ಲ, ಅದೇ, ತಲೆಗೆ ಎಲೆಗಳ ದಂಡೆ ಸುತ್ತಿಕೊಂಡ ಬ್ರಿಟಿಷ್ ರಾಜ, ನಾನೂರು ವರ್ಷದ ಚಿನ್ನ, ಅಣ್ಣ ಹರಾಜಿನಲ್ಲಿ ತಮ್ಮನಾದ ಅವನ ಕಣ್ಣೆದುರೇ ಹೊಡೆದುಕೊಂಡು ಹೋದದ್ದು — ಆ ಹೊಟ್ಟೆಯುರಿಗೆ ಅವನು ವರ್ಷಗಟ್ಟಲೆ ಈ ಮನೆಯ ಮೆಟ್ಟಿಲು ತುಳಿಯಲಿಲ್ಲ, ಈಗ ಅಣ್ಣನಿಲ್ಲ, ನಾಣ್ಯ ಅಂಗೈಯಲ್ಲಿದೆ, ಆದರೆ ರಾಜನ ಕೂದಲೆಲ್ಲಿ, ಎಳೆ ಎಳೆಯಾಗಿ ಕಾಣುತ್ತಿದ್ದ ಕೂದಲು, ಸಂದುಗಳಲ್ಲಿ ಕೂತಿದ್ದ ಆ ಹಳೆಯ ಕೆಂಪು ಛಾಯೆ, ಒಂದೂ ಇಲ್ಲ, ಕೆನ್ನೆ ಸಾಬೂನಿನಂತೆ ನುಣ್ಣಗಾಗಿದೆ. ಹೆಂಗಿದೆ, ಫಳಫಳ ಅಂತಿದೆ ಅಲ್ವಾ, ಅತ್ತಿಗೆ ಊಟದ ಮೇಜಿಗೆ ಒರಗಿ ಕೇಳುತ್ತಿದ್ದಾರೆ, ಹಲ್ಲುಪುಡಿ ಹಾಕಿ ಹಳೇ ಬ್ರಷ್ಷಲ್ಲಿ ತಿಕ್ಕಿದೆ ಕಣೋ, ನಿಂಗೆ ಕೊಡೋದು ಕೊಡ್ತೀವಿ, ಕೊಳೆ ಹಿಡಿದಿದ್ದು ಕೊಟ್ರೆ ಚೆನ್ನಾಗಿರುತ್ತಾ — ಹಲ್ಲುಪುಡಿ! ಅಯ್ಯೋ ಮಹಾತಾಯಿ, ಹಳೆಯ ನಾಣ್ಯವನ್ನು ತಿಕ್ಕುವುದೂ ಒಂದೇ ಕೊಲ್ಲುವುದೂ ಒಂದೇ, ಅಣ್ಣ ಕೆಮ್ಮು ಬಂದರೂ ಆಚೆ ತಿರುಗಿ ಕೆಮ್ಮುತ್ತಿದ್ದ, ಅಂಚು ಹಿಡಿಯೋ, ಮುಖದ ಮೇಲೆ ಹೆಬ್ಬೆರಳಿಟ್ರೆ ಕೈ ಮುರೀತೀನಿ ಅಂತ ಊರಿಗೆಲ್ಲ ಹೇಳಿದ, ಹೆಂಡತಿಗೊಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು, ಉಸಿರಿರುವವರೆಗೂ ಬೀರುವಿನ ಕೀಲಿಯನ್ನೇ ಕೊಡಲಿಲ್ಲ.

ಚೆನ್ನಾಗಿದೆ ಅತ್ತಿಗೆ ಎಂದು ಬಾಯಿ ತಾನಾಗಿ ಹೇಳಿಬಿಟ್ಟಿದೆ, ಅದೇ ತಪ್ಪಾಯಿತು, ಈಗ ಅವರು ಪೆಟ್ಟಿಗೆಯಿಂದ ರಾಣಿಯನ್ನು ತೆಗೆಯುತ್ತಿದ್ದಾರೆ, ನೆರಿಗೆ ನೆರಿಗೆಯ ಕೊರಳಪಟ್ಟಿಯ ರಾಣಿ, ರಾಜನಿಗಿಂತ ಹಳಬಳು, ಇಷ್ಟು ಸ್ಪಷ್ಟ ಮುಖವನ್ನು ಅವನು ಇನ್ನೆಲ್ಲೂ ನೋಡಿಲ್ಲ, ಇದನ್ನೂ ತಿಕ್ಕಿಬಿಡ್ತೀನಿ ಇರು, ಹೇಳಬೇಕು, ಈಗಲೇ ಹೇಳಬೇಕು, ನಿಲ್ಲಿಸಿ ಅತ್ತಿಗೆ, ಹಾಳು ಮಾಡಿಬಿಟ್ರಿ, ಅಣ್ಣ ಜೀವದ ಹಾಗೆ ಕಾಪಾಡಿದ್ದನ್ನ ಒಂದೇ ಸಂಜೆಗೆ — ನಿನ್ನೆ ತಿಕ್ತಾ ತಿಕ್ತಾ ಅಳು ಬಂತು ಕಣೋ, ಅತ್ತಿಗೆ ಹೇಳುತ್ತಿದ್ದಾರೆ, ಅವರು ಹೋದಾಗ್ಲೂ ಬಂದಿರ್ಲಿಲ್ಲ, ಆಮೇಲೆ ಮಲಗಿದ್ರೆ ಬೆಳಗಾಗೋವರೆಗೂ ಎಚ್ಚರಾನೇ ಇಲ್ಲ, ಬದುಕಿದ್ದಾಗ ಒಂದ್ಸಲಾನಾದ್ರೂ ಮುಟ್ಟೋಕೆ ಬಿಟ್ರಾ ನೋಡು. ಬ್ರಷ್ಷನ್ನೂ ರಾಣಿಯನ್ನೂ ಅವನ ಕಡೆ ಚಾಚುತ್ತಾರೆ, ತಗೋ, ನೀನೂ ಸ್ವಲ್ಪ ತಿಕ್ಕು, ನಿಂಗೂ ಸಂಕಟ ಇಲ್ವಾ. ಇದೆ, ಸಂಕಟ ಇದೆ, ಅಣ್ಣನಿಗಾಗಿಯೋ ರಾಣಿಗಾಗಿಯೋ ತಿಳಿಯುತ್ತಿಲ್ಲ, ಬೆರಳುಗಳು ರೂಢಿಯಂತೆ ಅಂಚು ಹಿಡಿದಿವೆ, ನೆರಿಗೆಗಳ ನಡುವೆ ಕೆಂಪು ಇನ್ನೂ ಇದೆ, ಬೇಡ ಅನ್ನು, ಬಾಯಿ ಬಿಡು, ಅತ್ತಿಗೆ ಕಾಯುತ್ತಿದ್ದಾರೆ, ಅತ್ತು ಊದಿದ ಕಣ್ಣುಗಳಲ್ಲಿ ಅದೆಷ್ಟು ದಿನಗಳ ಮೇಲೆ ನಗು, ಅಂಚು, ಅಂಚು ಹಿಡಿಯೋ, ಹೆಬ್ಬೆರಳು ಜಾರುತ್ತಿದೆ, ರಾಣಿಯ ಮುಖದ ಮೇಲೆ ಹೆಬ್ಬೆರಳು, ಅವನದೇ ಹೆಬ್ಬೆರಳು.