ಒಂದೇ ತುಣುಕು ಗೊಣಗುವ ಯಂತ್ರ

ನಮ್ಮ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಯ ಕಂಪ್ಯೂಟರ್ ಒಂದು ಕೋಣೆ ತುಂಬ ಕೂತಿತ್ತು. ಅದಕ್ಕೊಂದು ಪುಟ್ಟ ಸ್ಪೀಕರ್. ಪ್ರೋಗ್ರಾಂ ಸರಿಯಾಗಿ ಓಡಿದರೆ ಅದರ ಸದ್ದು ಏರುತ್ತ ಇಳಿಯುತ್ತ ಸಾಗುತ್ತಿತ್ತು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸದ್ದಿನ ಒಂದೇ ತುಣುಕನ್ನು ಗೊಣಗುತ್ತ ಕೂರುತ್ತಿತ್ತು. ಪ್ರೋಗ್ರಾಂ ಬರೆಯುವವರೆಲ್ಲ ಕಿವಿಯಿಂದಲೇ ತಪ್ಪು ಹಿಡಿಯುತ್ತಿದ್ದ ಕಾಲ ಅದು. ನೂಲಿನ ದಾಸ್ತಾನಿನ ಇಡೀ ಪ್ರೋಗ್ರಾಂ ಬರೆದವಳು ನಾನು, ವಿನಿಫ್ರೆಡ್ ಥ್ವೇಟ್. ಕಂಪ್ಯೂಟರ್ ವಿಭಾಗಕ್ಕೊಬ್ಬರು ಮುಖ್ಯಸ್ಥರು ಬೇಕೆಂಬ ಮಾತು ಬಂದಾಗ ಆ ಕುರ್ಚಿ ನನ್ನದೇ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮ್ಯಾನೇಜರ್ ಓಲ್ಡ್‌ರಾಯ್ಡ್ ಲೆಕ್ಕಪತ್ರದ ಕಡೆಯಿಂದ ಡೆಸ್ಮಂಡ್ ಎಂಬವನನ್ನು ಕರೆತಂದು, “ಇವನಿಗೂ ಒಂಚೂರು ಕಲಿಸಮ್ಮಾ” ಎಂದರು. ಕಲಿಸಿದೆ. ಅವನ ನಗು ಚೆನ್ನಾಗಿತ್ತು, ಕಿವಿ ಮಾತ್ರ ಇರಲಿಲ್ಲ.

ನಿರ್ದೇಶಕರು ಯಂತ್ರ ನೋಡಲು ಬಂದ ದಿನ ಓಲ್ಡ್‌ರಾಯ್ಡ್ ಅವನನ್ನು ಮುಂದೆ ನಿಲ್ಲಿಸಿ, ನನ್ನ ಕೈಗೆ ಚಹಾದ ತಟ್ಟೆ ಕೊಟ್ಟರು. “ದೊಡ್ಡವರಿಗೆ ಈ ಕಿರಿಕಿರಿ ಯಾಕೆ?” ಎಂದು ಡೆಸ್ಮಂಡ್ ಸ್ಪೀಕರನ್ನೇ ಆರಿಸಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ದಾಸ್ತಾನಿನ ಪ್ರೋಗ್ರಾಂ ಶುರುವಾಗಿ ಯಂತ್ರದ ದೀಪಗಳು ಮಿನುಗಿದವು. ಮುದ್ರಣಯಂತ್ರದಿಂದ ಒಂದಕ್ಷರ ಬೀಳಲಿಲ್ಲ. ಚಹಾ ಮುಗಿಯಿತು, ಬಿಸ್ಕತ್ತೂ ಮುಗಿಯಿತು.

“ಏನಯ್ಯಾ, ಇನ್ನೂ ಎಷ್ಟೊತ್ತು?” ಓಲ್ಡ್‌ರಾಯ್ಡ್ ಪಿಸುಗುಟ್ಟಿದರು.

“ದೊಡ್ಡ ಲೆಕ್ಕ ಅಲ್ವಾ ಸಾರ್, ಟೈಮ್ ಹಿಡಿಯುತ್ತೆ.”

ನಾನು ತಟ್ಟೆ ಕೆಳಗಿಟ್ಟು ಸ್ಪೀಕರ್ ಹಾಕಿದೆ. ಅಂದುಕೊಂಡ ಹಾಗೇ, ಮತ್ತೆ ಮತ್ತೆ ಅದೇ ತುಣುಕು.

“ಸಿಕ್ಕಾಕ್ಕೊಂಡಿದೆ. ನನ್ನ ಪ್ರೋಗ್ರಾಮಿಗೆ ಕೈ ಹಾಕಿದ್ದು ಯಾರು?”

“ಒಂದೇ ಒಂದು ಕಡೆ ಬದಲಾಯಿಸಿದೆ ಅಷ್ಟೇ,” ಎಂದ ಡೆಸ್ಮಂಡ್, ಬೂಟು ನೋಡಿಕೊಳ್ಳುತ್ತ. “ಬೇಗ ಮುಗೀಲಿ ಅಂತ.”

ಬೀರುವಿನಿಂದ ಮೂಲ ಪ್ರೋಗ್ರಾಂ ಇದ್ದ ನನ್ನ ಹಳೆಯ ತೂತುಗಳ ಕಾಗದದ ಟೇಪು ತಂದು ಹಾಕಿದೆ. ಸದ್ದು ಸರಾಗವಾಗಿ ಏರಿತು, ಮುದ್ರಣಯಂತ್ರ ಪಟಪಟನೆ ಹೊಡೆಯತೊಡಗಿತು. ನಿರ್ದೇಶಕರೊಬ್ಬರು ಡೆಸ್ಮಂಡನ ಬೆನ್ನು ತಟ್ಟಿದರು. “ಭೇಷ್ ಕಣಯ್ಯಾ! ನಿನ್ನ ಹುಡುಗೀಗೂ ಕಿವಿ ಚುರುಕಾಗಿದೆ.”

ಎಲ್ಲರೂ ಹೋದ ಮೇಲೆ ಓಲ್ಡ್‌ರಾಯ್ಡ್ ನನ್ನನ್ನು ಕರೆದರು. “ಡೆಸ್ಮಂಡೇ ಮುಖ್ಯಸ್ಥ ಅಂತ ತೀರ್ಮಾನ ಆಯ್ತು. ಬೇಜಾರು ಮಾಡ್ಕೋಬೇಡಮ್ಮಾ. ನಾಳೆ ನೀನು ಮದುವೆ ಆಗಿ ಹೊರಟುಬಿಟ್ರೆ ನಮ್ಮ ಗತಿ ಏನು?”

“ನಂಗೆ ನಲವತ್ತೊಂದು ಸಾರ್. ಇಷ್ಟು ದಿನ ಆಗ್ದಿರೋ ಮದುವೆ ನಾಳೆ ಯಾರ ಜೊತೆ ಆಗುತ್ತೆ, ನೀವೇ ಹೇಳಿ.”

ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಸೋಮವಾರ ನಾನು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಗೋಡೆಯಾಚೆ ಮತ್ತೆ ಅದೇ ಗೊಣಗಾಟ ಶುರುವಾಯಿತು. ಡೆಸ್ಮಂಡ್ ಬಾಗಿಲಲ್ಲಿ ತಲೆ ಹಾಕಿದ.

“ವಿನಿಫ್ರೆಡ್, ಒಂದ್ನಿಮಿಷ ಬನ್ನಿ. ಇನ್ನೊಂದು ಕಡೆ ಬದಲಾಯಿಸಿದೆ. ಸದ್ದು ಸರಿಯಾಗಿದ್ಯಾ?”

“ಮುಖ್ಯಸ್ಥರು ನೀವು. ಕೇಳಿ ನೋಡಿ.”

ಅವನು ಕೆಂಪಗಾಗಿ ಹೊರಟುಹೋದ. ಸೇಡು ತೀರಿತು ಅಂದುಕೊಂಡು ಕಪ್ಪು ಎತ್ತಿದೆ. ಆದರೆ ಅಲ್ಲಿ ಸಿಕ್ಕಿಬಿದ್ದು ಒದ್ದಾಡುತ್ತಿದ್ದುದು ಅವನಲ್ಲವಲ್ಲ, ನಾನು ಬರೆದ ಪ್ರೋಗ್ರಾಂ. ಕಪ್ಪು ಕೆಳಗಿಟ್ಟೆ. ಹಾಳಾಗಿ ಹೋಗಲಿ ಎಂದು ಬೈದುಕೊಳ್ಳುತ್ತ ಎದ್ದು, ಒಳಗೆ ಹೋಗಿ ಯಂತ್ರ ನಿಲ್ಲಿಸಿದೆ.

“ಥ್ಯಾಂಕ್ಸ್,” ಎಂದ ಡೆಸ್ಮಂಡ್, ನನಗಾಗಿ ಕುರ್ಚಿ ಎಳೆಯುತ್ತ. ಅವನದಲ್ಲ, ಪಕ್ಕದ್ದು.