ಗಂಗಾವತಿಯ ಚಿರತೆ ನಾನೇ

ಮೊದಲೇ ಹೇಳಿಬಿಡುತ್ತೇನೆ, ನಾನು ಬೆಕ್ಕು. ಚಿರತೆಯಲ್ಲ, ಚಿರತೆಯ ಮರಿಯಲ್ಲ, ಚಿರತೆಯ ದೂರದ ನೆಂಟನೂ ಅಲ್ಲ. ಇಷ್ಟು ಸಣ್ಣ ಮಾತು ಮನುಷ್ಯರ ತಲೆಗೆ ಇಳಿಯುವಷ್ಟರಲ್ಲಿ ನನ್ನ ಪ್ರಾಣವೇ ಹೋಗುವುದರಲ್ಲಿತ್ತು. ಇನ್ನೊಂದು ವಿಷಯ. ನಾವು ಬೆಕ್ಕುಗಳು ಯಾರಿಗೂ ಬಹುವಚನ ಕೊಡುವುದಿಲ್ಲ. ಈ ಕಥೆಯಲ್ಲಿ ದೊಡ್ಡವರನ್ನೂ ಅವನು, ಅವಳು ಎಂದರೆ ಬೇಸರ ಮಾಡಿಕೊಳ್ಳಬೇಡಿ.

ನಾನು ಹುಟ್ಟಿದ್ದು ಮಂಗಳೂರಿನಲ್ಲಿ, ಫ್ಲೇವಿಯಾ ಬಾಯಿಯ ತಾರಸಿಯ ಮೇಲೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತಳಾದವಳು. ತಾರಸಿಗೆಲ್ಲ ಜಾಲರಿ ಹೊಡೆಸಿ, ಒಳಗೆ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿ ನಮ್ಮಂಥ ಬೆಕ್ಕುಗಳನ್ನು ಬೆಳೆಸಿ ಮಾರುತ್ತಿದ್ದಳು. ನಮ್ಮಂಥವು ಎಂದರೆ, ನೋಡುವುದಕ್ಕೆ ಕಾಡಿನವು, ಬಾಳುವುದಕ್ಕೆ ಮನೆಯವು.

ನಮ್ಮ ವಂಶದ ಕಥೆಯನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದುದರಿಂದ ನನಗೆ ಬಾಯಿಪಾಠವಾಗಿದೆ. ಕಾಡಿನಲ್ಲಿ ಒಂದು ಸಣ್ಣ ಬೆಕ್ಕಿದೆಯಂತೆ. ಗಾತ್ರದಲ್ಲಿ ಮನೆಬೆಕ್ಕಿನಷ್ಟೇ, ಮೈಮೇಲೆ ಮಾತ್ರ ಚಿರತೆಯಂಥ ಚುಕ್ಕೆ. ಅದಕ್ಕೇ ಚಿರತೆಬೆಕ್ಕು ಎಂದು ಹೆಸರು. ಎಲ್ಲೋ ಹೊರದೇಶದಲ್ಲಿ ಯಾರೋ ಅದನ್ನು ಮನೆಬೆಕ್ಕಿನ ಜೊತೆ ಕೂಡಿಸಿದರು. ಹುಟ್ಟಿದ ಮರಿಗಳು ಚೆಂದವಿದ್ದವು, ಆದರೆ ಮೈಮುಟ್ಟಲು ಬಿಡುತ್ತಿರಲಿಲ್ಲ. ಗಂಡುಗಳಿಗೆ ಸಂತಾನವೇ ಆಗುತ್ತಿರಲಿಲ್ಲ. ಹೆಣ್ಣುಗಳನ್ನು ಮತ್ತೆ ಮನೆಬೆಕ್ಕಿಗೆ ಕೂಡಿಸಿ, ಅವುಗಳ ಮರಿಗಳಲ್ಲಿ ಚುಕ್ಕೆ ಚೆನ್ನಾಗಿರುವ, ಸ್ವಭಾವ ಮೆತ್ತಗಿರುವ ಮರಿಗಳನ್ನೇ ಆರಿಸಿ, ಹೀಗೆ ಎಷ್ಟೋ ತಲೆಮಾರು ಕಳೆದ ಮೇಲೆ ನಾವಾದೆವು. "ಚರ್ಮ ಕಾಡಿನದ್ದು ಬೇಕು, ಬುದ್ಧಿ ಅಡುಗೆಮನೆಯದ್ದು ಬೇಕು," ಎನ್ನುತ್ತಿದ್ದಳು ಫ್ಲೇವಿಯಾ ಬಾಯಿ.

ಮರಿ ಹುಟ್ಟಿದ ಕೂಡಲೇ ಅವಳು ಕನ್ನಡಕ ಏರಿಸಿಕೊಂಡು ಹೊಟ್ಟೆ ಮಗುಚಿ ನೋಡುತ್ತಿದ್ದಳು. ಹೊಟ್ಟೆಯ ಮೇಲೂ ಚುಕ್ಕೆ ಇರಬೇಕು. ಚುಕ್ಕೆಯ ಅಂಚು ಕಪ್ಪು, ನಡುವೆ ಕಂದು. ಚುಕ್ಕೆ ಚುಕ್ಕೆ ಸೇರಿ ಪಟ್ಟೆಯಾದರೆ ಅವಳ ಮುಖ ಸಪ್ಪಗಾಗುತ್ತಿತ್ತು. ನನ್ನ ಜೊತೆ ಹುಟ್ಟಿದ ತಂಗಿಗೆ ಬೆನ್ನ ತುಂಬ ಪಟ್ಟೆ ಬಂತು. ಅವಳನ್ನು ಮೀನು ಮಾರುವ ಹೆಂಗಸಿಗೆ ಸುಮ್ಮನೆ ಕೊಟ್ಟುಬಿಟ್ಟಳು. ಆಗ ನನಗೆ ತಂಗಿಯ ಬಗ್ಗೆ ಅಯ್ಯೋ ಅನ್ನಿಸಿತ್ತು. ಆಮೇಲೆ ಬಹಳ ಸಲ ಹೊಟ್ಟೆಕಿಚ್ಚಾಗಿದೆ.

ಒಂದು ತಿಂಗಳಿಗೆ ನಮ್ಮ ಮೈಮೇಲೆಲ್ಲ ಬೂದಿ ಬಣ್ಣದ ಕುಚ್ಚು ಕೂದಲು ಬೆಳೆದು ಚುಕ್ಕೆ ಮಸುಕಾಗುತ್ತದೆ. ಅದು ನಮ್ಮ ಜಾತಿಯ ಗುಣ. ಆ ದಿನಗಳಲ್ಲಿ ಬಂದವರೆಲ್ಲ ನನ್ನನ್ನು ನೋಡಿ ಮೂಗು ಮುರಿದು ಹೋದರು. ಕುಚ್ಚು ಉದುರಿ ಮೈ ಮಿರಮಿರ ಮಿನುಗತೊಡಗಿದಾಗ ಬಂದವನು ಪಂಪನಗೌಡ.

ಪಂಪನಗೌಡನದು ಗಂಗಾವತಿಯಲ್ಲಿ ಅಕ್ಕಿ ಮಿಲ್ಲು. ಕಣ್ಣಿನ ಚಿಕಿತ್ಸೆಗೆಂದು ಮಂಗಳೂರಿಗೆ ಬಂದವನು, ಯಾರೋ ಹೇಳಿದರೆಂದು ನಮ್ಮ ತಾರಸಿ ಹತ್ತಿದ. ನನ್ನನ್ನು ಕಂಡವನೇ ಕಣ್ಣು ಕೀಳಲಿಲ್ಲ. ಫ್ಲೇವಿಯಾ ಬಾಯಿ ನನ್ನನ್ನು ಅವನ ಕೈಗಿಡುವ ಮೊದಲು ಕಟ್ಟುನಿಟ್ಟಾಗಿ ಹೇಳಿದಳು.

"ಇದು ಬೆಕ್ಕು ಮಾರಾಯ್ರೆ. ಚಿರತೆಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಗೊತ್ತಾಯ್ತಲ್ಲ?"

"ಗೊತ್ತಾತ್ರಿ ಮೇಡಂ," ಎಂದ ಗೌಡ.

ಗೊತ್ತಾಗಿದ್ದು ಹೌದು. ದಾರಿಯಲ್ಲಿ ಮೊದಲ ಸಲ ಚಹಾಕ್ಕೆ ಕಾರು ನಿಲ್ಲಿಸಿದಾಗ ಒಬ್ಬ ಬಂದು ಬುಟ್ಟಿಯಲ್ಲಿ ಇಣುಕಿ, "ಏನಿದು, ಚಿರತೆ ಮರಿಯಾ?" ಎಂದ. ಗೌಡ, "ಬೆಕ್ಕ್ರೀ," ಎಂದ. ಆ ಮನುಷ್ಯನ ಮುಖ ಸಪ್ಪಗಾಯಿತು, ಹೊರಟುಹೋದ. ಎರಡನೇ ಸಲ ನಿಲ್ಲಿಸಿದಾಗ ಇನ್ನೊಬ್ಬ ಅದನ್ನೇ ಕೇಳಿದ. ಗೌಡ ಮೀಸೆ ನೇವರಿಸಿಕೊಂಡು, "ಹೂಂ, ಹಂಗ ಅನ್ಕೋರಿ," ಎಂದ. ತಕ್ಷಣ ಜನ ಮುಕುರಿದರು, ಹೋಟೆಲಿನವನೇ ಹೊರಗೆ ಬಂದು ಗೌಡನಿಗೆ ಕುರ್ಚಿ ಹಾಕಿಸಿದ. ಗಂಗಾವತಿ ಮುಟ್ಟುವಷ್ಟರಲ್ಲಿ ನನ್ನಪ್ಪ ಚಿರತೆಯಾಗಿದ್ದ, ನನ್ನವ್ವ ಹೇಗೋ ಬೆಕ್ಕಾಗಿಯೇ ಉಳಿದಿದ್ದಳು.

ನನಗೆ ಸುಲ್ತಾನ್ ಎಂದು ಹೆಸರಿಟ್ಟ. ಬಂಗಾರದ ಬಣ್ಣದ ಸರಪಳಿ ತಂದ. ಮಿಲ್ಲಿನ ಆಫೀಸಿನಲ್ಲಿ ಅವನ ಮೇಜಿನ ಪಕ್ಕ ನನಗೊಂದು ಕೆಂಪು ದಿಂಬು. ವ್ಯಾಪಾರಸ್ಥರು ಬಂದರೆ ನನ್ನ ಮುಂದೆ ಹಸಿ ಮಾಂಸದ ತಟ್ಟೆ ಇಡಿಸುತ್ತಿದ್ದ. ನಾನು ಮೂಸಿ ಮುಖ ತಿರುಗಿಸಿದರೆ, "ಇನ್ನೂ ಹಸಿವಿಲ್ಲ. ಹಸಿವಾತಂದ್ರ ತಡ್ಯೂದು ಕಷ್ಟ," ಎನ್ನುತ್ತಿದ್ದ. ಬಂದವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅಲ್ಲಿಂದ ಕಣ್ಣಳತೆಯಲ್ಲಿ ಭತ್ತದ ಚೀಲಗಳ ಸಂದಿಯಲ್ಲಿ ದಪ್ಪ ದಪ್ಪ ಇಲಿಗಳು ಓಡಾಡುತ್ತಿದ್ದವು. ಸರಪಳಿ ಕಟ್ಟಿಸಿಕೊಂಡ ಸುಲ್ತಾನನಿಗೆ ಇಲಿ ಹಿಡಿಯುವ ಭಾಗ್ಯವಿರಲಿಲ್ಲ.

ಮನೆಯಲ್ಲಿ ಇದ್ದವಳು ಗೌಡನ ಅಕ್ಕ ಹಂಪಮ್ಮ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಅಡುಗೆಮನೆಯನ್ನೂ ತಮ್ಮನನ್ನೂ ನೋಡಿಕೊಂಡಿದ್ದವಳು. ಸಂಜೆ ಅವಳು ಸರಪಳಿ ಬಿಚ್ಚಿ, "ಬಾರೋ ಪುಟ್ಯಾ, ಸಾಕಾತೇನು ನಾಟಕ," ಎಂದು ರೊಟ್ಟಿಯ ಮೇಲೆ ಹಾಲು ಹಾಕಿಕೊಡುತ್ತಿದ್ದಳು. ಲೊಚಲೊಚ ತಿನ್ನುತ್ತಿದ್ದೆ. ತಮ್ಮನ ಸುಳ್ಳು ಅವಳಿಗೆ ಗೊತ್ತಿತ್ತು. ಗಂಡಸರ ಬಡಾಯಿ, ಯಾರಿಗೇನು ನಷ್ಟ ಎಂದು ಸುಮ್ಮನಿದ್ದಳು.

ಬಡಾಯಿಗೆ ಫಲವೂ ಸಿಕ್ಕಿತ್ತು ನೋಡಿ. ಊರಿನ ಮಿಲ್ಲಿನವರ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬಂತು. ಎದುರಾಳಿ ಅಮರೇಶ, ಅಡ್ಡಹೆಸರು ಶೆಟ್ಟರ, ದೊಡ್ಡ ಮಿಲ್ಲಿನವನು. ಆದರೆ ಚಿರತೆ ಸಾಕಿದ ಗಂಡಸು ಎಂದರೆ ಪಂಪನಗೌಡ ಒಬ್ಬನೇ. ಜನ ಅವನ ಕಡೆ ವಾಲಿದ್ದರು. ಹತ್ತು ವರ್ಷದಿಂದ ಆ ಕುರ್ಚಿಯ ಆಸೆ ಇಟ್ಟುಕೊಂಡಿದ್ದವನು ಗೌಡ. ಈ ಸಲ ಗೆಲ್ಲುವುದು ಖಂಡಿತ ಎಂದುಕೊಂಡಿದ್ದ.

ಆ ಹೊತ್ತಿಗೇ ನಾನು ಓಡಿಹೋದದ್ದು. ಬೇಕೆಂದು ಓಡಿದ್ದಲ್ಲ. ಹಮಾಲರು ಲಾರಿಯ ಹಿಂಬಾಗಿಲು ಬಿಚ್ಚಿದಾಗ ಅದು ಧಡಾರನೆ ಬಿತ್ತು. ನಾನು ಬೆದರಿ ಎಗರಿದೆ, ಕೊರಳಪಟ್ಟಿ ಕಳಚಿತು, ನೋಡುವಷ್ಟರಲ್ಲಿ ಕಾಂಪೌಂಡಿನ ಆಚೆ ಇದ್ದೆ. ಹಿಂದಿರುಗುವ ದಾರಿ ಹುಡುಕುತ್ತ ಸಂಜೆ ಒಂದು ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತೆ. ಕೆಳಗಿನಿಂದ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಹಿಂದೆ ಬರೀ ಆಕಾಶ, ಪಕ್ಕದಲ್ಲಿ ಅಳತೆಗೆ ಒಂದು ಕಾಗೆಯೂ ಇಲ್ಲ. ಚುಕ್ಕೆ ಮೈ, ಉದ್ದ ಬಾಲ, ಹೊಳೆಯುವ ಕಣ್ಣು. ಬೆಳಗಾಗುವಷ್ಟರಲ್ಲಿ ಗಂಗಾವತಿಗೆ ಚಿರತೆ ಬಂದಿದೆ ಎಂದು ಊರೆಲ್ಲ ಗುಲ್ಲು. ಸುತ್ತಲಿನ ಗುಡ್ಡಗಳಲ್ಲಿ ನಿಜವಾದ ಚಿರತೆಗಳಿವೆ, ಆಗಾಗ ಕುರಿ ಹೊತ್ತೊಯ್ಯುತ್ತವೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಗೌಡನ ಸುಲ್ತಾನ್ ಇರಬಹುದು ಎಂದವರಿಗೂ ಸುಲ್ತಾನ್ ಚಿರತೆಗೆ ಹುಟ್ಟಿದವನೇ.

ಶಾಲೆಗೆ ರಜೆ ಕೊಟ್ಟರು. ಅರಣ್ಯ ಇಲಾಖೆಯವರು ಬಂದು ಕಾಲುವೆ ದಂಡೆಯಲ್ಲಿ ಬೋನು ಇಟ್ಟು ಒಳಗೊಂದು ಆಡು ಕಟ್ಟಿದರು. ಆ ರಾತ್ರಿ ನನಗೆ ಚಳಿಯಾಗಿತ್ತು, ಬೋನಿನೊಳಗೆ ಹೋದೆ. ನನ್ನ ಭಾರಕ್ಕೆ ಬೋನಿನ ಹಲಗೆ ಅಲುಗಲೂ ಇಲ್ಲ, ಬಾಗಿಲೂ ಬೀಳಲಿಲ್ಲ. ಆಡಿಗೆ ಒತ್ತಿಕೊಂಡು ಒಂದು ಗಳಿಗೆ ನಿದ್ದೆ ಮಾಡಿದೆ. ಅದು ಗಾಬರಿಯಾಗಲಿಲ್ಲ, ಮೆಲುಕು ಹಾಕುತ್ತ ಕೂತಿತ್ತು. ಪಾಪ, ಅದು ಗೌಡನ ಮಾತು ಕೇಳಿಸಿಕೊಂಡಿರಲಿಲ್ಲ.

ಜನರೇ ಕಷ್ಟ ಕೊಟ್ಟರು. ಎಲ್ಲಿ ತಲೆ ಹಾಕಿದರೂ ದೊಣ್ಣೆ, ಕಲ್ಲು, ಪಟಾಕಿ. ಒಂದು ಪಟಾಕಿ ಹಿಂಗಾಲಿನ ಹತ್ತಿರವೇ ಸಿಡಿದು ಕೂದಲು ಸುಟ್ಟಿತು. ಕುಂಟುತ್ತ ಓಡಿ, ಮುಚ್ಚಿಹೋದ ಹಳೆಯ ಮಿಲ್ಲೊಂದರ ಹೊಟ್ಟಿನ ಶೆಡ್ಡು ಸೇರಿ, ಮೇಲಿನ ತೊಲೆ ಹತ್ತಿ ಕೂತೆ.

ಇತ್ತ ಮನೆಯಲ್ಲಿ ನಡೆದದ್ದನ್ನು ಹಂಪಮ್ಮ ಆಮೇಲೆ ನನಗೆ ಹಾಲು ಹಾಕುತ್ತ ಹಾಕುತ್ತ ಹೇಳಿದ್ದಾಳೆ. ಆ ಫೋಟೋ ನೋಡಿದ ಕೂಡಲೇ ಗೌಡನಿಗೆ ಗುರುತು ಸಿಕ್ಕಿತ್ತು. ಆದರೆ ಹೇಳುವುದು ಹೇಗೆ? ಚಿರತೆಗೆ ಹುಟ್ಟಿದ್ದು ಎಂದರೆ ಕಾನೂನು ಹಿಡಿಯುತ್ತದೆ. ಬೆಕ್ಕು ಎಂದರೆ ಊರೇ ನಗುತ್ತದೆ, ಚುನಾವಣೆ ಎದುರಿಗೇ ಇದೆ.

"ತಾನಾಗೇ ಬರ್ತೈತಿ ಬಿಡಕ್ಕಾ. ಬೆಕ್ಕು ಎಲ್ಲಿ ಹೋಗ್ತೈತಿ," ಎಂದನಂತೆ.

"ಈಗ ನಿನಗ ಬೆಕ್ಕಾತು," ಎಂದು ಹಂಪಮ್ಮ ಬೆನ್ನು ತಿರುಗಿಸಿದಳಂತೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಮುಂದೆ ಅರ್ಧ ಊರು ಸೇರಿತ್ತು. ಪೊಲೀಸರು ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಒಳಗೆ ಕತ್ತಲು. ಬಾಗಿಲಿನಿಂದ ನೋಡಿದರೆ ನನ್ನ ಕಣ್ಣು, ಅರ್ಧ ಬೆನ್ನು ಇಷ್ಟೇ ಕಾಣುತ್ತಿತ್ತು. ಪ್ರಾಣಿ ವೈದ್ಯನೊಬ್ಬ ಉದ್ದನೆಯ ಕೋವಿಗೆ ಅರವಳಿಕೆಯ ಸೂಜಿ ಸಿದ್ಧ ಮಾಡುತ್ತಿದ್ದ. ಪೂರ್ತಿ ಬೆಳೆದ ಚಿರತೆಯನ್ನು ಮಲಗಿಸುವಷ್ಟು ಮದ್ದು ಅದರಲ್ಲಿತ್ತು. ಅದು ನನ್ನ ಮೈಗೆ ಬಿದ್ದರೆ ನಾನು ಮಲಗುತ್ತಿದ್ದೆ, ಏಳುತ್ತಿರಲಿಲ್ಲ.

ಗೌಡ ಬಂದಿದ್ದ. ಬಾರದಿದ್ದರೆ ಜನ ಏನಾದರೂ ಅಂದಾರೆಂದು ಬಂದಿದ್ದ. ಅರಣ್ಯಾಧಿಕಾರಿ ಅವನನ್ನು ಕಂಡು ಹತ್ತಿರ ಹೋದ.

"ಗೌಡ್ರ, ನಿಮ್ಮ ಮನ್ಯಾಗ ಚಿರತಿ ಮರಿ ಐತಂತ ಊರೆಲ್ಲ ಹೇಳ್ತೈತಿ. ಅದು ಇದೇ ಏನು?"

ಗೌಡ ಸುತ್ತ ನೋಡಿದ. ಪಕ್ಕದಲ್ಲೇ ಮೊಬೈಲ್ ಎತ್ತಿ ಹಿಡಿದು ನಿಂತಿದ್ದವನು ಅಮರೇಶ ಶೆಟ್ಟರ. ಸಂಘದ ಸದಸ್ಯರೆಲ್ಲ ಅಲ್ಲೇ ಇದ್ದರು. ಹಗ್ಗದ ಆಚೆಯಿಂದ ಹಂಪಮ್ಮ, "ಹೇಳೋ ತಮ್ಮಾ. ನೀ ಬಾಯಿ ಬಿಡಲಿಲ್ಲಂದ್ರ ಅದರ ಜೀವ ಹೋಗ್ತೈತಿ," ಎಂದು ಕೂಗಿದಳು. ಆ ಗದ್ದಲದಲ್ಲಿ ಅವಳ ದನಿ ನನಗೆ ಸಣ್ಣದಾಗಿ ಕೇಳಿಸಿತು. ಪೊಲೀಸರು ಅವಳನ್ನು ಮುಂದೆ ಬಿಡಲಿಲ್ಲ. ವೈದ್ಯ ಕೋವಿ ಎತ್ತಿಕೊಂಡು ಬಾಗಿಲ ಕಡೆ ನಡೆದ. ನನಗೆ ಭಯವಾಗಿತ್ತು. ಇದನ್ನು ಹೇಳಲು ನಾಚಿಕೆಯಿಲ್ಲ, ತೊಲೆಯ ಮೇಲೆಯೇ ಉಚ್ಚೆ ಹೊಯ್ದುಕೊಂಡಿದ್ದೆ.

"ತಡೀರಿ ಡಾಕ್ಟ್ರ," ಎಂದ ಗೌಡ. "ಅದು ಬೆಕ್ಕು."

"ಅದರಪ್ಪ ಚಿರತಿ ಅಂತಿದ್ರಲ್ಲ ನೀವು?" ಎಂದ ಶೆಟ್ಟರ.

"ಸುಳ್ಳ ಹೇಳಿದ್ದೆ. ಅದರಪ್ಪನೂ ಬೆಕ್ಕು, ಅವ್ವನೂ ಬೆಕ್ಕು. ಬಣ್ಣ ಅಷ್ಟ ಹಂಗ ಬರೂವಂಗ ಮಾಡ್ಯಾರ."

ಅಧಿಕಾರಿ ಒಂದು ಕ್ಷಣ ಗೌಡನನ್ನೇ ನೋಡಿದ. ಒಳಗಿರುವುದು ನಿಜವಾದ ಚಿರತೆಯಾಗಿದ್ದರೆ ಈ ಮನುಷ್ಯನ ಮಾತು ನಂಬಿ ಯಾರಾದರೂ ಸಾಯುತ್ತಾರೆ. "ಬೆಕ್ಕಾದ್ರ ಕರೀರಿ. ಇಳಿದು ಬಂದ್ರ ನಂಬ್ತೀನಿ," ಎಂದ.

ಗೌಡ ಬಾಗಿಲ ಹತ್ತಿರ ಬಂದು, "ಸುಲ್ತಾನ್," ಎಂದ. ನಾನು ಅಲುಗಲಿಲ್ಲ. ಆ ಹೆಸರು ಕೇಳಿದರೆ ನನಗೆ ನೆನಪಾಗುವುದು ಸರಪಳಿ, ಹಸಿ ಮಾಂಸ, ಅಪರಿಚಿತರ ಬೂಟು. ಮತ್ತೆ ಕರೆದ, ಗದರಿಸಿದ ಹಾಗೆ ಕರೆದ. ನಾನು ಇನ್ನಷ್ಟು ಒಳಸರಿದೆ. ಹೊರಗೆ ಯಾರೋ ಕಿಸಕ್ಕೆಂದರು. ವೈದ್ಯ ಕೈಗಡಿಯಾರ ನೋಡಿಕೊಂಡ. ಎರಡು ವರ್ಷ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡವನಿಗೆ ನನ್ನನ್ನು ಹೇಗೆ ಕರೆಯಬೇಕೆಂದೇ ಗೊತ್ತಿರಲಿಲ್ಲ. ಅದು ಅವನಿಗೆ ಹೊಳೆದದ್ದೂ ಆಗಲೇ ಇರಬೇಕು, ಅವನ ಮುಖ ಇಳಿದುಹೋಯಿತು.

ಆಗ ಗೌಡ ಚಪ್ಪಲಿ ಬಿಟ್ಟು ಒಳಗೆ ಬಂದ. ಬಿಳಿ ಧೋತರ, ಬಿಳಿ ಅಂಗಿ. ಹೊಟ್ಟಿನ ರಾಶಿಯಲ್ಲಿ ಮಂಡಿಯೂರಿದ. ಹೊಟ್ಟಿನಲ್ಲಿ ಮೊಣಕಾಲು ಹೂತುಹೋಗಿ, ಕೈಗಳನ್ನೂ ಊರಬೇಕಾಯಿತು. ನಾಲ್ಕು ಕಾಲಿನ ಮೇಲೆ ನಿಂತು, ಕತ್ತೆತ್ತಿ, ನನ್ನ ಕಡೆ ನೋಡಿ, "ಮ್ಯಾಂವ್," ಎಂದ.

ಊರಿಗೆ ಊರೇ ಹೋ ಎಂದು ನಕ್ಕಿತು. ಅವನು ತಿರುಗಿ ನೋಡಲಿಲ್ಲ. ಮತ್ತೆ "ಮ್ಯಾಂವ್" ಎಂದ. ನಮ್ಮ ಭಾಷೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ, ಅಷ್ಟು ಕೆಟ್ಟ ಉಚ್ಚಾರಣೆ. ಆದರೆ ಅವನ ಕಣ್ಣಲ್ಲಿ ನೀರಿತ್ತು, ಮತ್ತು ಮೊದಲ ಸಲ ಅವನು ನೋಡುತ್ತಿದ್ದದ್ದು ನನ್ನನ್ನು, ನನ್ನನ್ನು ನೋಡಲು ಬಂದವರನ್ನಲ್ಲ. ನಾನು ತೊಲೆಯಿಂದ ಗೋಡೆಗೆ, ಗೋಡೆಯಿಂದ ಹೊಟ್ಟಿಗೆ ಇಳಿದು, ಕುಂಟಿಕೊಂಡು ಅವನ ಹತ್ತಿರ ಹೋದೆ. ಅವನು ಅಂಗಿಯೊಳಗೆ ನನ್ನನ್ನು ಹಾಕಿಕೊಂಡು ಹೊರಗೆ ಬಂದ. ವೈದ್ಯ ಮೊದಲು ಎಲ್ಲರಂತೆ ನಕ್ಕ. ಆಮೇಲೆ ಕೈಯಲ್ಲಿದ್ದ ಸೂಜಿಯನ್ನು ನೋಡಿ, ನನ್ನನ್ನು ನೋಡಿ, ನಗು ನಿಲ್ಲಿಸಿ ಅದನ್ನು ಡಬ್ಬಿಗೆ ಹಾಕಿದ.

ಚುನಾವಣೆಯಲ್ಲಿ ಗೌಡ ಸೋತ, ಅದೂ ಹೀನಾಯವಾಗಿ. ಅವನು ಮ್ಯಾಂವ್ ಎಂದದ್ದು ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಹೊಲಕ್ಕೆ ಹೋಗುವವರು, ಬಸ್ಸಿಗೆ ಕಾಯುವವರು ಅವನನ್ನು ಕಂಡರೆ ಮೆಲ್ಲಗೆ ಮ್ಯಾಂವ್ ಎನ್ನುತ್ತಿದ್ದರು. ತಿಂಗಳುಗಟ್ಟಲೆ ಅವನು ಆಫೀಸು ಬಿಟ್ಟು ಹೊರಗೆ ಹೋಗಲಿಲ್ಲ. ಹಂಪಮ್ಮ ಮಾತ್ರ ಫಲಿತಾಂಶ ಬಂದ ದಿನ, "ಸೋತ್ರ ಸೋತಿ, ಊಟಕ್ಕ ಬಾ," ಎಂದು ತಟ್ಟೆ ಇಟ್ಟಳು. ಅವನು ಬಂದು ಉಂಡ. ಸರಪಳಿ ಎಲ್ಲಿಗೆ ಹೋಯಿತೋ ನಾನು ಕೇಳಲಿಲ್ಲ. ಮಿಲ್ಲಿನ ಇಲಿಗಳಿಗೆ ಅಂದಿನಿಂದ ಕೆಟ್ಟ ಕಾಲ ಬಂತು.

ಈಗ ನನಗೆ ವಯಸ್ಸಾಗಿದೆ. ಬೆನ್ನ ಮೇಲಿನ ಚುಕ್ಕೆಗಳು ಮಾಸಿವೆ, ಹಲ್ಲು ಉದುರಿವೆ, ಕಿಟಕಿಗೆ ಹಾರಲು ಆಗುವುದಿಲ್ಲ. ಹಂಪಮ್ಮ ಹೋಗಿ ಎರಡು ಮಳೆಗಾಲ ಆಯಿತು. ಅವಳಿದ್ದ ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹಗಲೆಲ್ಲ ಮಲಗಿರುತ್ತೇನೆ. ನಮ್ಮನ್ನು ಆರಿಸಿ ಆರಿಸಿ ಬೆಳೆಸಿದವರು ಎಷ್ಟೋ ತಲೆಮಾರು ನನ್ನ ಚರ್ಮಕ್ಕಾಗಿ ಒದ್ದಾಡಿದರು. ಆ ಚರ್ಮದಿಂದ ನನಗೆ ಸಿಕ್ಕ ಸುಖ ಏನೂ ಇಲ್ಲ. ಸಿಟ್ಟೂ ಇಲ್ಲ, ಆಗಿಹೋಯಿತು.

ಗೌಡನ ಮೀಸೆಯೂ ಪೂರ್ತಿ ಬೆಳ್ಳಗಾಗಿದೆ. ಯಾರೂ ಇಲ್ಲದ ಹೊತ್ತಿನಲ್ಲಿ ಅವನು ಗೋಡೆ ಹಿಡಿದುಕೊಂಡು ನನ್ನ ಎದುರಿಗೆ ನೆಲದ ಮೇಲೆ ಕೂತು, ಮೆಲ್ಲಗೆ, "ಮ್ಯಾಂವ್," ಎನ್ನುತ್ತಾನೆ. ಇಷ್ಟು ವರ್ಷವಾದರೂ ಅವನ ಉಚ್ಚಾರಣೆ ಸುಧಾರಿಸಿಲ್ಲ. ನನಗೆ ಏಳುವುದು ಕಷ್ಟ. ಆದರೂ ಎದ್ದು ಅವನ ಹತ್ತಿರ ಹೋಗುತ್ತೇನೆ.