ಕಂಬ ಹತ್ತುವ ಮುನ್ನ

"ಇಳೀರಿ ತಿಮ್ಮರಾಜು."

ಏಣಿಯ ಅರ್ಧಕ್ಕೆ ಏರಿದ್ದ ತಿಮ್ಮರಾಜು ಕೆಳಗೆ ನೋಡಿದ. ಕಬ್ಬಿನ ಗದ್ದೆಯ ಬದುವಿನ ಮೇಲೆ ದಿವ್ಯ ನಿಂತಿದ್ದಳು. ಚಪ್ಪಲಿಗೆ ಮೆತ್ತಿದ್ದ ಕೆಸರನ್ನು ಒಂದು ಕಲ್ಲಿಗೆ ಒರೆಸುತ್ತಾ, ಇನ್ನೊಂದು ಮಾತಿಗೆ ಜಾಗವೇ ಇಲ್ಲವೆಂಬಂತೆ ಹೇಳಿದ್ದಳು. ಹಿಂದಿನ ಸಂಜೆಯ ಗಾಳಿಗೆ ಬೇವಿನ ಕೊಂಬೆ ಬಿದ್ದು ಹನ್ನೊಂದು ಸಾವಿರ ವೋಲ್ಟಿನ ತಂತಿ ಹರಿದಿತ್ತು. ನಾಲೆಯ ಆಚೆಯ ಊರಿಗೆ ಆಗಿನಿಂದ ಕರೆಂಟಿಲ್ಲ.

"ಲೈನು ಆಫ್ ಮಾಡವ್ರೆ ಮೇಡಂ. ಸಬ್‌ಸ್ಟೇಷನ್ನಿಂದ ಏಳವ್ರೆ."

"ಗೊತ್ತು. ಅರ್ಥಿಂಗ್ ಕೋಲು ಹಾಕಿಲ್ಲವಲ್ಲ. ಮೊದಲು ಅದನ್ನ ಹಾಕೋಣ."

"ಕೋಲು ಜೀಪಲ್ಲಿ ಅದೆ. ಜೀಪು ಸೇತುವೆ ತಾವದೆ. ಅಲ್ಲಿಗೋಗಿ ತರೋ ಒತ್ಗೆ ನಾನು ಕೆಲ್ಸ ಮುಗ್ಸಿ ಇಳ್ದಿರ್ತೀನಿ."

"ಇರಬೋದು. ಆದ್ರೂ ಇಳೀರಿ."

ತಿಮ್ಮರಾಜು ಇಳಿದ. ಮುಖ ಕೆಂಪಾಗಿತ್ತು. ಗದ್ದೆಯ ಅಂಚಿನಲ್ಲಿ ಊರಿನ ಜನ ಸೇರಿದ್ದರು. ತಲೆಗೂದಲು ನರೆಯುವವರೆಗೂ ಕಂಬ ಹತ್ತಿದವನನ್ನು ಮಗಳ ವಯಸ್ಸಿನವಳೊಬ್ಬಳು ಅವರೆಲ್ಲರ ಎದುರಿಗೆ ಕೆಳಗಿಳಿಸಿದ್ದಳು. ಅವನು ಬೀಡಿ ಹಚ್ಚಿ ಅತ್ತ ತಿರುಗಿ ಕುಳಿತ. ಜೊತೆಯ ಲೈನ್‌ಮನ್ ರಾಮು ಕೋಲು ತರಲು ಸೇತುವೆಯ ಕಡೆಗೆ ಓಡಿದ.

ದಿವ್ಯ ಆ ಶಾಖಾ ಕಚೇರಿಗೆ ಎಂಜಿನಿಯರಾಗಿ ಬಂದದ್ದು ಬೇಸಗೆಯ ಶುರುವಿನಲ್ಲಿ. ನಾಗಮಂಗಲದ ಕಡೆಯವಳು. ಅವಳಿಗಿಂತ ಮೊದಲಿದ್ದ ಅಧಿಕಾರಿಯ ಬಾಯಿಂದ "ಹತ್ತಲಾ" ಎನ್ನುವುದರ ಹೊರತು ಬೇರೆ ಮಾತು ಬರುತ್ತಿದ್ದುದು ಕಡಿಮೆ. ಅವರ ಕಾಲದಲ್ಲಿ ಲೈನ್‌ಮನ್ ಚಿಕ್ಕಸ್ವಾಮಿಯ ಎಡಗೈ ಬೆರಳುಗಳು ಸುಟ್ಟು ಹೋದಾಗಲೂ, "ಅಲ್ಲಿಗ್ಯಾಕೆ ಕೈ ಹಾಕಿದೆ?" ಎಂದು ಕೇಳಿದ್ದರೇ ವಿನಾ ಆಸ್ಪತ್ರೆಗೆ ಹೋಗಿ ನೋಡಿರಲಿಲ್ಲ. ಆಮೇಲೆ ಲೈನ್‌ಮನ್‌ಗಳು ಒಂದು ಉಪಾಯ ಕಲಿತರು. ಮೋಡ ಕಟ್ಟಿದರೆ ಸಾಕು, ಎಲ್ಲರ ಫೋನೂ ಆಫ್. ಕೇಳಿದರೆ ತೋಟದಲ್ಲಿ ಸಿಗ್ನಲ್ ಇರಲಿಲ್ಲ ಎನ್ನುತ್ತಿದ್ದರು. ಹೇಳಿದ್ದಷ್ಟು ಮಾಡುವುದು, ಹೇಳದ್ದನ್ನು ನೋಡಿದರೂ ನೋಡದಂತಿರುವುದು ಅಭ್ಯಾಸವಾಗಿತ್ತು.

ದಿವ್ಯ ಬಂದ ಮೇಲೆ ಮಾಡಿದ ಮೊದಲ ಕೆಲಸ ಅವರಿಗೆ ವಿಚಿತ್ರವಾಗಿ ಕಂಡಿತ್ತು. ಕಚೇರಿಯ ಗೋಡೆಯ ಮೇಲಿದ್ದ ಲೈನ್‌ಮನ್‌ಗಳ ಫೋನ್ ನಂಬರು ಅಳಿಸಿ ತನ್ನದನ್ನು ಬರೆಸಿದಳು. "ಜನ ಬೈಯೋದಾದ್ರೆ ನನಗೇ ಬೈಲಿ. ನೀವು ಮೇಲಿದ್ದಾಗ ನಿಮ್ಮ ಫೋನು ಹೊಡ್ಕೊಬಾರದು" ಎಂದಳು. ಸ್ಟೋರಿನ ಮೂಲೆಯಲ್ಲಿ ಹಳೆಯ ಟೈರುಗಳ ಕೆಳಗೆ ಬಿದ್ದಿದ್ದ ಅರ್ಥಿಂಗ್ ಕೋಲುಗಳನ್ನು ತೆಗೆಸಿ, ಉಜ್ಜಿಸಿ, ಜೀಪಿಗೆ ಹಾಕಿಸಿದಳು. ಚಿಕ್ಕಸ್ವಾಮಿಯನ್ನು ದೂರು ಕೇಳುವ ಕುರ್ಚಿಯಲ್ಲಿ ಕೂರಿಸಿ, ಯಾವ ಕಂಬ ಎಲ್ಲಿ ಬಾಗಿದೆ ಎಂದು ದಿನವೂ ಅವನನ್ನೇ ಕೇಳತೊಡಗಿದಳು. ತಿಮ್ಮರಾಜು ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಹೊಸದರಲ್ಲಿ ಎಲ್ಲರೂ ಹೀಗೆಯೇ, ಒಂದು ಮಳೆ ಹುಯ್ಯಲಿ ಎಂದುಕೊಂಡಿದ್ದ.

ಮಳೆ ಈಗ ಹುಯ್ದಿತ್ತು.

ರಾಮು ಇನ್ನೂ ಬಂದಿರಲಿಲ್ಲ. ಆಗ ಬದುವಿನ ಮೇಲೆ ಪಂಚೆ ಎತ್ತಿ ಹಿಡಿದುಕೊಂಡು ಕುಳ್ಳಯ್ಯ ಬಂದ. ಊರಿನ ಛತ್ರ, ಆ ಮದುವೆ ಹಾಲು, ಅವನದು.

"ಏನು ಮೇಡಂ, ಎಲ್ರೂ ಕೂತ್ಕಂಡ್ಬುಟ್ಟಿದ್ದೀರಿ? ಅಲ್ಲಿ ಮೂರ್ತ ಹತ್ರ ಬಂತು. ಜನರೇಟ್ರಿಗೆ ಡೀಸೆಲ್ಲು ಮುಗ್ದೋಗದೆ. ಎಣ್ಣು ಗಂಡು ಬೆವ್ರಲ್ಲಿ ತೊಯ್ದೋಗವ್ರೆ."

"ಇನ್ನರ್ಧ ಗಂಟೆ ಕುಳ್ಳಯ್ಯನವರೇ."

"ಅಯ್ಯೋ, ತಿಮ್ಮರಾಜ ಆಗ್ಲೇ ಅತ್ತಿದ್ನಂತೆ. ನೀವೇ ಇಳ್ಸುದ್ರಂತೆ." ಅವನು ಜನರ ಕಡೆ ತಿರುಗಿ ನಕ್ಕ. ಆಮೇಲೆ ಫೋನ್ ತೆಗೆದು ಯಾರಿಗೋ ಹಚ್ಚಿದ. ಸ್ವಲ್ಪ ಹೊತ್ತಿಗೆ ದಿವ್ಯಳ ಫೋನು ಹೊಡೆದುಕೊಂಡಿತು. ಮೇಲಿನ ಅಧಿಕಾರಿಯದು. ಆ ಕಡೆಯ ಗದರಿಕೆ ಬೀಡಿ ಸೇದುತ್ತಿದ್ದ ತಿಮ್ಮರಾಜುವಿಗೂ ಕೇಳುತ್ತಿತ್ತು. ಅವಳು "ಹೌದು ಸರ್", "ಇಲ್ಲ ಸರ್" ಎನ್ನುತ್ತಿದ್ದಳು. ಕೊನೆಗೆ, "ಅರ್ಥಿಂಗ್ ಹಾಕದೆ ಹತ್ತಿಸೋಕೆ ಆಗಲ್ಲ ಸರ್. ಏನಾದ್ರೂ ಕೇಳೋದಿದ್ರೆ ನನ್ನನ್ನ ಕೇಳಿ" ಎಂದು ಫೋನಿಟ್ಟಳು. ಅವಳ ಕಿವಿಗಳು ಕೆಂಪೇರಿದ್ದವು. ತಿಮ್ಮರಾಜುವಿನ ಕಡೆ ನೋಡಲಿಲ್ಲ.

ರಾಮು ಏದುಸಿರು ಬಿಡುತ್ತಾ ಕೋಲು ತಂದ. ತಿಮ್ಮರಾಜು ಬೀಡಿ ಎಸೆದು ಎದ್ದು, ಅದರ ತಂತಿ ಕಟ್ಟಿದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಬಡಿದು, ಉದ್ದ ಕೋಲಿನ ಕೊಕ್ಕೆಗಳನ್ನು ಒಂದೊಂದಾಗಿ ತಂತಿಗಳಿಗೆ ಸಿಕ್ಕಿಸಿದ. ತಂತಿಗೆ ಅಕಸ್ಮಾತ್ ವಿದ್ಯುತ್ ಬಂದರೆ ಅದು ಕೆಲಸಗಾರನ ಮೈ ಬಿಟ್ಟು ಭೂಮಿಗೆ ಇಳಿಯಲಿ ಎಂಬ ಏರ್ಪಾಡು. ಲೈನೇ ಆಫ್ ಇರುವಾಗ ಎಲ್ಲಿಂದ ಬರುತ್ತದೆ ಎಂದು ಅವನ ಮನಸ್ಸು ಗೊಣಗುತ್ತಿತ್ತು. ಕೈಗವಸು ಏರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು ಏಣಿ ಹತ್ತಿದ.

ಅರ್ಧಕ್ಕೆ ಬಂದಿದ್ದ. ತಲೆಯ ಮೇಲೆ ಚಟಾರನೆ ಸದ್ದಾಯಿತು. ಕೊಕ್ಕೆ ಸಿಕ್ಕಿಸಿದ್ದಲ್ಲಿ ನೀಲಿ ಬೆಂಕಿ ಹಾರಿತು. ಸುಟ್ಟ ವಾಸನೆ. ಅದೇ ಹೊತ್ತಿಗೆ ಮದುವೆ ಹಾಲಿನ ಕಡೆಯಿಂದ ಜನರೇಟರು ಒಮ್ಮೆ ಗುಡುಗುಡು ಎಂದು ನಿಂತುಹೋದದ್ದು ಕೇಳಿಸಿತು.

ಯಾರೂ ಅಲುಗಲಿಲ್ಲ. ಮೊದಲು ಮಾತಾಡಿದವಳು ದಿವ್ಯ. "ತಿಮ್ಮರಾಜು, ಏನೂ ಮುಟ್ಟಬೇಡಿ. ಮೆಲ್ಲಗೆ ಇಳೀರಿ. ರಾಮು, ಹಾಲಿಗೆ ಓಡಿ, ಮೇನ್ ಇಳ್ಸಿ ಅಲ್ಲೇ ನಿಂತ್ಕೊಳ್ಳಿ. ಯಾರನ್ನೂ ಹತ್ರ ಬಿಡಬೇಡಿ."

ಆದದ್ದು ಇಷ್ಟು. ಹಾಲಿನವರು ಡೀಸೆಲ್ ತಂದು ಸುರಿದು, ಕರೆಂಟು ಬಂತೇನೋ ಎಂದು ನೋಡಲು ಏರಿಸಿದ್ದ ಮೇನ್ ಸ್ವಿಚ್ಚನ್ನು ಮತ್ತೆ ಇಳಿಸುವುದನ್ನು ಮರೆತು ಜನರೇಟರ್ ಶುರು ಮಾಡಿದ್ದರು. ಆ ಕರೆಂಟು ಹಾಲಿನ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಂದಕ್ಕೆ ಹರಿದು ಸತ್ತಿದ್ದ ಲೈನಿಗೆ ಜೀವ ಕೊಟ್ಟಿತ್ತು. ಕೋಲು ಇಲ್ಲದಿದ್ದರೆ ಅದಕ್ಕೆ ಸಿಗುತ್ತಿದ್ದುದು ತಿಮ್ಮರಾಜುವಿನ ಕೈ.

ಇಳಿದವನು ಕೈಗವಸು ಕಳಚಿದ. ಬದುವಿನ ಮೇಲೆ ಕುಳಿತ. ದಿವ್ಯ ನೀರಿನ ಬಾಟಲಿ ಚಾಚಿದಳು. ಮುಚ್ಚಳ ತೆಗೆಯುವುದನ್ನು ಮರೆತಿದ್ದಳು. ಅವನು ತೆಗೆದು ಅವಳಿಗೇ ಮೊದಲು ಕೊಟ್ಟ.

"ಕೂತ್ಕಳಿ ಮೇಡಂ" ಎಂದ.

ಅವಳು ಅವನ ಪಕ್ಕದಲ್ಲಿ ಕೆಸರಿನಲ್ಲೇ ಕುಳಿತಳು. ಆಮೇಲೆ ಅವಳು, "ಇವತ್ತು ನೀವು ಹತ್ತೋದು ಬೇಡ. ರಾಮು ಬಂದು ಮಾಡ್ಲಿ" ಎಂದಳು.

"ಇಲ್ಲ. ನಾನೇ ಮಾಡ್ತೀನಿ. ನೀವು ಕೆಳಗಿರಿ, ಸಾಕು."

ಕುಳ್ಳಯ್ಯ ಸುಮ್ಮನಾಗುವ ಪೈಕಿಯಲ್ಲ. ಮದುವೆ ಕೆಟ್ಟಿತು, ಜನರೇಟರು ಸುಟ್ಟಿತು ಎಂದು ದೂರು ಕೊಟ್ಟ. ಮೇಲಧಿಕಾರಿ ಕಚೇರಿಗೇ ಬಂದರು. ಕುಳ್ಳಯ್ಯನೂ ಅವರ ಜೊತೆಗಿದ್ದ.

"ಬೇಗ ಮುಗಿಸಿದ್ದರೆ ಇದೆಲ್ಲ ಆಗ್ತಿತ್ತಾ? ತಡ ಮಾಡಿದ್ದು ಯಾರು? ಆ ಲೈನ್‌ಮನ್ ಹೆಸರೇನು?"

"ಕೆಲಸ ನಿಲ್ಲಿಸಿದ್ದು ನಾನು ಸರ್. ಅವರ ಹೆಸರು ಇದರಲ್ಲಿ ಬರೋದಿಲ್ಲ" ಎಂದಳು ದಿವ್ಯ.

ತಿಮ್ಮರಾಜು ಹೊರಗೆ ಜಗಲಿಯಲ್ಲಿದ್ದ. ನೌಕರಿಗೆ ಸೇರಿದಂದಿನಿಂದ ಅಧಿಕಾರಿಗಳ ಎದುರಿಗೆ "ಊಂ ಸಾ" ಎನ್ನುವುದರ ಆಚೆಗೆ ಬಾಯಿ ತೆರೆದವನಲ್ಲ. ಅಂಥವನು ಬಾಗಿಲು ದಾಟಿ ಒಳಗೆ ಬಂದು ನಿಂತ.

"ನಾನೇ ಸಾ ತಿಮ್ಮರಾಜು. ನಾನು ಕೋಲು ಆಕ್ದೆ ಅತ್ತಿದ್ದೆ. ಮೇಡಂ ಇಳ್ಸುದ್ರು. ನಂಗೆ ಸಿಟ್ಟು ಬಂತು, ಅವಮಾನ ಆಯ್ತು. ಅವ್ರು ಇಳ್ಸದೆ ಓಗಿದ್ರೆ ನೀವಿವತ್ತು ನಮ್ಮನೆ ಮುಂದೆ ಬಂದು ನಿಂತ್ಕಬೇಕಾಗಿತ್ತು." ಅವನು ಕುಳ್ಳಯ್ಯನ ಕಡೆ ಕೈ ತೋರಿಸಿದ. "ಇವ್ರ ಹಾಲಲ್ಲಿ ಆ ಜನರೇಟ್ರಿಗೆ ಕರೆಂಟು ಲೈನಿಗೆ ನುಗ್ಗದಂಗೆ ತಡ್ಯೋ ಚೇಂಜೋವರ್ ಸ್ವಿಚ್ಚು ಆಕ್ಸೋಗಂಟ ಆ ಲೈನಿಗೆ ನಾನು ಅತ್ತಾಕಿಲ್ಲ ಸಾ. ಏನ್ ಮಾಡ್ತೀರೋ ಮಾಡಿ."

"ನಾನೂ ಅತ್ತಾಕಿಲ್ಲ" ಎಂದ ರಾಮು, ಬಾಗಿಲಿನಿಂದ. ಚಿಕ್ಕಸ್ವಾಮಿ ದೂರಿನ ಕುರ್ಚಿ ಬಿಟ್ಟು ಎದ್ದು ಬಂದು ಅವರ ಪಕ್ಕ ನಿಂತ. ಅಧಿಕಾರಿಯ ಕಣ್ಣು ಅವನ ಎಡಗೈ ಮೇಲೆ ಸ್ವಲ್ಪ ಹೊತ್ತು ನಿಂತಿತು.

"ಕುಳ್ಳಯ್ಯನೋರೇ," ಎಂದರು ಕೊನೆಗೆ, "ಮೊದ್ಲು ಆ ಸ್ವಿಚ್ ಹಾಕಿಸಿ. ಆಮೇಲೆ ದೂರಿನ ಮಾತು."

ಆಷಾಢದ ಗಾಳಿ ಶುರುವಾದಾಗ ತಿಮ್ಮರಾಜುವಿನ ಮನೆಯಲ್ಲಿ ಹೆಂಡತಿ ಯಶೋಧ ಮುದ್ದೆ ತಿರುವುತ್ತಿದ್ದಳು. ಭಾನುವಾರದ ಬೆಳಗು. ಹೊರಗೆ ತೆಂಗಿನ ಗರಿಗಳು ಬಡಿದಾಡುತ್ತಿದ್ದವು. ಕರೆಂಟು ಹೋಯಿತು. ತಿಮ್ಮರಾಜು ಗೂಟದಿಂದ ರೈನ್‌ಕೋಟು ತೆಗೆದುಕೊಂಡ.

"ಫೋನೇ ಬಂದಿಲ್ಲ. ರಜಾ ದಿನ ಎಲ್ಲಿಗೊಂಟ್ರಿ?"

"ನಾಲೆ ತಾವ ಕೊಂಬೆ ಬಿದ್ದಿರ್ತದೆ. ಮೇಡಮ್ಮು ಒಬ್ರೇ ಬಂದು ನಿಂತ್ಕತಾರೆ."

"ಉಂಡಾದ್ರೂ ಓಗಿ."

"ಬಂದು ಉಣ್ತೀನಿ ಬುಡು."

ನಾಲೆಯ ಏರಿಗೆ ಬಂದಾಗ ರಾಮುವಿನ ಬೈಕು ಅಲ್ಲಿತ್ತು. ಚಿಕ್ಕಸ್ವಾಮಿ ಮಳೆಯಲ್ಲಿ ತಲೆಗೆ ಗೋಣಿ ಹೊದ್ದು ನಿಂತು ಅರಕೆರೆ ಬಸ್ಸಿಗೆ ಒಂದೇ ಕೈಯಲ್ಲಿ ದಾರಿ ತೋರಿಸುತ್ತಿದ್ದ. ಯಾರನ್ನೂ ಯಾರೂ ಕರೆದಿರಲಿಲ್ಲ. ಮೂವರೂ ಸೇರಿ ರಸ್ತೆಗಡ್ಡ ಬಿದ್ದಿದ್ದ ಆಲದ ಕೊಂಬೆಯನ್ನು ಎಳೆಯತೊಡಗುವಷ್ಟರಲ್ಲಿ ಜೀಪು ಬಂದು ನಿಂತಿತು.

ದಿವ್ಯ ಇಳಿದಳು. ಅವರನ್ನು ನೋಡಿ ಬಾಗಿಲು ಹಿಡಿದುಕೊಂಡೇ ಒಂದು ಕ್ಷಣ ನಿಂತಳು. ಆಮೇಲೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಎಲೆಗಳ ನಡುವೆ ಕೈ ತೂರಿಸಿ, ಕೊಂಬೆಯ ಇನ್ನೊಂದು ತುದಿ ಹಿಡಿದಳು.